ಮೋತಿ ಮತ್ತು ಬೋಣಿಯ ಬಂಗಡೆ

ನಾಯಿಗೆ ಬುದ್ಧಿಯಿಲ್ಲ ಅಂತ ಯಾರಾದರೂ ನನ್ನೆದುರು ಹೇಳಿದರೆ ಮೈಯೆಲ್ಲ ಉರಿದುಹೋಗುತ್ತದೆ. ನಾಯಿಗೆ ಬುದ್ಧಿ ಧಾರಾಳ ಇದೆ. ತಾವು ದಿನಾ ಅದಕ್ಕೆ ಎಂತ ಕಲಿಸುತ್ತಿದ್ದೇವೆ ಅನ್ನುವುದು ಸಾಕಿದವರಿಗೇ ಗೊತ್ತಿರುವುದಿಲ್ಲ. ಭಟ್ಕಳದ ಹತ್ತಿರದ ಬೆಳಕೆ ಊರಿನ ಮೋತಿಯ ವಿಷಯದಲ್ಲಿ ಆದದ್ದು ಅದೇ. ಆ ಸಿಟ್ಟು ಇನ್ನೂ ನನ್ನ ಹೊಟ್ಟೆಯಲ್ಲಿದೆ, ಹಾಗಾಗಿ ಮಾತು ಸ್ವಲ್ಪ ಒರಟಾದರೆ ಸಹಿಸಿಕೊಳ್ಳಿ.

ನಾನು ಹೊನ್ನಾವರದ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರರ ಕೈಕೆಳಗೆ ಕೆಲಸ ಮಾಡುವವಳು. ಗಾಯ ತೊಳೆಯುವುದು, ಇಂಜೆಕ್ಷನ್ನಿಗೆ ಗಟ್ಟಿ ಹಿಡಿದುಕೊಳ್ಳುವುದು, ಕರೆದವರ ಮನೆಗೆ ಹೋಗಿ ನಾಯಿಗೆ ನಾಲ್ಕು ಒಳ್ಳೆಯ ಅಭ್ಯಾಸ ಹೇಳಿಕೊಡುವುದು, ಇಷ್ಟು ನನ್ನ ಕೆಲಸ. ಒಂದು ದಿನ ಬೆಳಕೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಅವರ ಗಂಡ ಮಲ್ಪೆಯ ಬೋಟೊಂದರ ತಾಂಡೇಲ, ಅಂದರೆ ಬೋಟು ನಡೆಸುವವರು. ಬೋಟಿಗೆ ಹೋದರೆ ಮನೆಗೆ ಬರುವುದು ತಿಂಗಳಿಗೊಮ್ಮೆ.

"ಮೇಡಂ, ನಮ್ಮ ನಾಯಿ ರಸ್ತೆಗೆ ಓಡೂದು ನಿಲ್ಲಿಸೂಕೆ ಆಗ್ತದಾ? ಬೇಗ ಆಗ್ಬೇಕು."

"ಬೇಗ ಅಂದ್ರೆ ಎಷ್ಟು ಬೇಗ?"

"ನಮ್ಮನೆಯವ್ರು ನಾಳೆ ಬೋಟಿಗೆ ಹೋಗ್ತ್ರು. ತಿರುಗಿ ಬರೂದ್ರೊಳಗೆ. ಇಲ್ದಿದ್ರೆ ಅದನ್ನ ಇಟ್ಕಳೂದಿಲ್ಲ ಅಂತ ಹೇಳಿದ್ರು," ಅಂದವರ ದನಿ ಕೊನೆಗೆ ಒಡೆಯಿತು.

ಮಧ್ಯಾಹ್ನದ ಬಸ್ಸಿಗೆ ಹೋದೆ. ಹೆದ್ದಾರಿಯಿಂದ ಕಡಲಿಗೆ ಇಳಿಯುವ ರಸ್ತೆಯ ಪಕ್ಕದಲ್ಲೇ ಮನೆ. ಗೇಟಿನಿಂದ ನಾಲ್ಕು ಹೆಜ್ಜೆ ಇಟ್ಟರೆ ಡಾಂಬರು. ಐಸ್ ತುಂಬಿದ ಟೆಂಪೊಗಳು, ಬೈಕುಗಳು, ಶಾಲೆಯ ವ್ಯಾನುಗಳು, ಒಂದಕ್ಕೂ ಬ್ರೇಕಿನ ನೆನಪಿಲ್ಲ. ಮೋತಿಯನ್ನು ತೆಂಗಿನ ಮರಕ್ಕೆ ಕಟ್ಟಿಹಾಕಿದ್ದರು. ಕಂದು ಬಣ್ಣದ ಊರ ನಾಯಿ, ಎದೆಯ ಮೇಲೊಂದು ಬಿಳಿ ಪಟ್ಟೆ, ಎರಡು ವರ್ಷದ ಪ್ರಾಯ ಇರಬಹುದು. ಹಗ್ಗ ಎಷ್ಟು ಗಿಡ್ಡ ಅಂದರೆ ಮಲಗಿದರೆ ಕುತ್ತಿಗೆ ಮೇಲಕ್ಕೆ ಎಳೆಯುತ್ತಿತ್ತು. ಬಿಚ್ಚಿ ನೋಡಿದೆ, ಕೂದಲು ಉದುರಿ ಚರ್ಮ ಕೆಂಪಾಗಿತ್ತು.

ತಾಂಡೇಲರು ಜಗಲಿಯಲ್ಲಿ ಬಲೆಯ ತುಂಡೊಂದನ್ನು ಹೊಲಿಯುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾಯಿಗೆ ಬುದ್ಧಿ ಹೇಳೂಕೆ ಹೊನ್ನಾವರದಿಂದ ಜನ ಬರ್ಬೇಕಾಯ್ತಾ? ನೋಡಿ, ನಾ ಹೇಳಿದ್ರೆ ಹೆಂಗೆ ಕೇಳ್ತದೆ," ಅಂದವರೇ "ಮೋತೀ, ಬಾ ಇಲ್ಲಿ!" ಅಂತ ಒಂದು ಕೂಗು ಹಾಕಿದರು.

ಮೋತಿ ಬಂತು. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು, ಕಿವಿ ಹಿಂದಕ್ಕೆ ಮಡಚಿಕೊಂಡು ಬಂತು. ತಾಂಡೇಲರು ನನ್ನ ಕಡೆ ನೋಡಿ ನಕ್ಕರು. ಅದನ್ನು ಅವರು ವಿಧೇಯತೆ ಅಂದುಕೊಂಡಿದ್ದರು! ಅಯ್ಯೋ ದೇವರೇ, ಆ ನಗು ಕಂಡು ನನಗೆ ಬಂದ ಸಿಟ್ಟು ಯಾರಿಗೂ ಬೇಡ.

ಕೇಳಿದ ಮೇಲೆ ಕಥೆ ಹೊರಬಿತ್ತು. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ಮಾರುವವನೊಬ್ಬ ಬರುತ್ತಾನೆ. ಅವನ ಪೋಂ ಪೋಂ ಹಾರ್ನ್ ಕೇಳಿದರೆ ಸಾಕು, ಮೋತಿ ಗೇಟು ಹಾರಿ ರಸ್ತೆಗೆ. ಹಿಂದಿನ ವಾರ ಹಾಗೆ ನುಗ್ಗಿದಾಗ ಊರಿನ ಅಂಗನವಾಡಿ ಟೀಚರು ಸ್ಕೂಟಿಯಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದರು. ತಾಂಡೇಲರೇ ಅವರನ್ನು ಭಟ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಟ್ಟಿ ಕಟ್ಟಿಸಿ, ಮನೆಗೆ ಬಿಟ್ಟು ಬಂದಿದ್ದರು. ಅಲ್ಲಿಯವರೆಗೆ ಅವರು ಮಾಡಿದ್ದು ಸರಿ. ಮನೆಗೆ ಬಂದಾಗ ಮೋತಿ ಬಾಲ ಅಲ್ಲಾಡಿಸುತ್ತಾ ಗೇಟಿಗೆ ಬಂತಂತೆ. ಆಗ ಬೋಟಿನ ಹಗ್ಗದ ತುಂಡಿನಿಂದ ಹೊಡೆದರು.

"ಯಾವಾಗ ತಪ್ಪು ಮಾಡಿದ್ದು, ಯಾವಾಗ ಹೊಡೆದದ್ದು?" ಅಂದೆ. "ರಸ್ತೆಗೆ ಹೋದದ್ದಕ್ಕೆ ಪೆಟ್ಟು ಬಿತ್ತು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ನಿಮ್ಮ ಹತ್ರ ಬಂದದ್ದಕ್ಕೆ ಬಿತ್ತು ಅಂತ ಅದು ತಿಳ್ಕೊಂಡಿದೆ. ಇನ್ನು ರಸ್ತೆಯಲ್ಲಿದ್ದಾಗ ನೀವು ಕರೆದ್ರೆ ಅದು ಬರೂದು ಹೌದಾ?"

"ಹೆದರಿಕೆ ಇರ್ಬೇಕು," ಅಂದರು ಅವರು, ಬಲೆಯಿಂದ ತಲೆ ಎತ್ತದೆ. "ನಾ ಬರೂದ್ರೊಳಗೆ ಕಲ್ತ್ರೆ ಕಲೀಲಿ. ಇಲ್ದಿದ್ರೆ ಕುಮಟೆ ಮೀನು ಮಾರ್ಕೆಟ್ಟಲ್ಲಿ ಬಿಟ್ಟು ಬರೂದೇ. ಭಟ್ಕಳದಲ್ಲಿ ಬಿಟ್ರೆ ವಾಪಸ್ ಬರ್ತದೆ. ಅಲ್ಲಾದ್ರೆ ತಿನ್ನೂಕಾದ್ರೂ ಸಿಗ್ತದೆ."

ತಿನ್ನೂಕಾದ್ರೂ ಸಿಗ್ತದೆ! ನಮ್ಮ ಕಡೆಯವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಬೇಡವಾದ ನಾಯಿ, ಹೆಣ್ಣುಮರಿ, ಬೆಕ್ಕು, ಎಲ್ಲದಕ್ಕೂ ಮೀನು ಮಾರ್ಕೆಟ್ಟು. ಬಿಟ್ಟು ಬಂದು ಪುಣ್ಯ ಕಟ್ಟಿಕೊಂಡವರ ಹಾಗೆ ಊಟ ಮಾಡಿ ಮಲಗುತ್ತಾರೆ. ಅಲ್ಲಿ ಮೊದಲೇ ಇರುವ ನಾಯಿಗಳು ಮನೆನಾಯಿಯನ್ನು ಸುಮ್ಮನೆ ಬಿಡುತ್ತವೆಯಾ? ಕಿವಿ ಹರಿದು, ಬೆನ್ನ ಮೇಲೆ ಬಿಸಿನೀರು ಬಿದ್ದು, ಗಾಯದಲ್ಲಿ ಹುಳ ಆದ ಮೇಲೆ ಯಾರೋ ಪುಣ್ಯಾತ್ಮರು ನಮ್ಮ ಆಸ್ಪತ್ರೆಗೆ ತಂದು ಹಾಕುತ್ತಾರೆ. ಆ ಹುಳ ತೆಗೆಯುವವಳು ನಾನು. ತಾಂಡೇಲರಿಗೆ ಇಷ್ಟನ್ನೂ ಹೇಳಿದೆ. ಅವರು ಹಲ್ಲಿನಿಂದ ನೂಲು ಕತ್ತರಿಸಿ, "ಚಹಾ ಕೊಡೇ ಇವರಿಗೆ" ಅಂತ ಹೆಂಡತಿಗೆ ಹೇಳಿದರು.

ಚಹಾ ಕುಡಿಯಲಿಲ್ಲ. ಆ ಹೆಂಗಸಿನ ಮುಖ ನೋಡಿ ಕೆಲಸ ಮಾತ್ರ ಒಪ್ಪಿಕೊಂಡೆ.

ಮರುದಿನ ತಾಂಡೇಲರು ಹೋದ ಮೇಲೆ ಶುರು ಮಾಡಿದೆವು. ಅಕ್ಕನಿಗೆ, ಅಂದರೆ ತಾಂಡೇಲರ ಹೆಂಡತಿಗೆ, ಮೊದಲು ಹೇಳಿದ ನಿಯಮ ಒಂದೇ. ಕರೆದಾಗ ಬಂದ ನಾಯಿಗೆ ಬೈಯಬಾರದು, ಹೊಡೆಯಬಾರದು. ಎಷ್ಟೇ ತಡವಾಗಿ ಬರಲಿ, ಬಾಯಲ್ಲಿ ನಿಮ್ಮ ಹೊಸ ಚಪ್ಪಲಿ ಇಟ್ಟುಕೊಂಡೇ ಬರಲಿ.

"ಮತ್ತೆ ಸಿಟ್ಟು ಬಂದ್ರೆ?"

"ಸಿಟ್ಟು ಬಂದ್ರೆ ನಂಗೆ ಫೋನ್ ಮಾಡಿ ಬೈರಿ. ನಂಗೆ ಅಭ್ಯಾಸ ಇದೆ."

ಅಕ್ಕ ಅವತ್ತು ಮೊದಲ ಸಲ ನಕ್ಕರು.

ಗಿಡ್ಡ ಹಗ್ಗ ಬಿಸಾಡಿ, ಅಗಲವಾದ ಬೆಲ್ಟು ಹಾಕಿ, ಅದಕ್ಕೆ ಉದ್ದದ ನೈಲಾನ್ ಹಗ್ಗ ಕಟ್ಟಿದೆ. ಹಗ್ಗ ನೆಲದ ಮೇಲೆ ಸಡಿಲವಾಗಿ ಬಿದ್ದಿರಬೇಕು. ಅದು ಎಳೆಯಲಿಕ್ಕಲ್ಲ, ಕೈತಪ್ಪದಿರಲಿಕ್ಕೆ. ಕೋಳಿಯ ಲಿವರ್ ಉಪ್ಪಿಲ್ಲದೆ ಬೇಯಿಸಿ, ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಂಡೆವು. ಕರೆಯುವಾಗ ಎದುರು ನಿಂತು ಬಗ್ಗಬಾರದು, ಪಕ್ಕಕ್ಕೆ ತಿರುಗಿ ಕುಕ್ಕರುಗಾಲಿನಲ್ಲಿ ಕೂರಬೇಕು. "ಮೋತಿ, ಬಾ" ಅಂತ ಒಂದೇ ಸಲ ಹೇಳಬೇಕು. ಬಂದರೆ ತಿಂಡಿ, ಕುತ್ತಿಗೆಯ ಕೆಳಗೆ ಒಂದು ತುರಿಕೆ. ಮೊದಮೊದಲು ಮೋತಿ ಅರ್ಧ ದಾರಿಗೆ ಬಂದು ನಿಂತು ನಮ್ಮ ಕೈ ನೋಡುತ್ತಿತ್ತು. ಮುಖವನ್ನಲ್ಲ, ಕೈಯನ್ನು. ಹೊಡೆಯುವ ಹಗ್ಗ ಇದೆಯೋ ಇಲ್ಲವೋ ಅಂತ. ಅಕ್ಕ ಅದನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಗೇಟಿನ ಪಾಠ ಬೇರೆ. ಕೈ ಚಿಲಕಕ್ಕೆ ಹೋದಾಗ ಮೋತಿ ಎದ್ದರೆ ಕೈ ವಾಪಸ್. ಕೂತರೆ ಮತ್ತೆ ಚಿಲಕಕ್ಕೆ. ಗೇಟು ಒಂದು ಬೆರಳಗಲ ತೆಗೆದಾಗ ಎದ್ದರೆ ಮತ್ತೆ ಮುಚ್ಚುವುದು. ಬಾಯಿಮಾತೇ ಬೇಡ, ಗೇಟೇ ಮಾತಾಡಬೇಕು. ನೋಡುವವರಿಗೆ ಇದು ಹುಚ್ಚರ ಆಟ. ಎದುರು ಮನೆಯ ಹೆಂಗಸರು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಮೀನಿಗೆ ಬಾಯಿ ಹಾಕದ ಹಾಗೆ "ಬಿಡು" ಅನ್ನುವುದನ್ನೂ ಕಲಿಸಿದೆ. ನಾನು ಒಂದು ದಿನ ಬಿಟ್ಟು ಒಂದು ದಿನ ಹೋಗುತ್ತಿದ್ದೆ, ನಡುವಿನ ದಿನಗಳಲ್ಲಿ ಅಕ್ಕ ಒಬ್ಬರೇ ಮಾಡುತ್ತಿದ್ದರು. ಮೋತಿ ಎಷ್ಟು ಬೇಗ ಕಲಿಯಿತು ಅಂದರೆ, ಗೇಟು ಪೂರಾ ತೆರೆದಿಟ್ಟರೂ ಕೂತು ನಮ್ಮ ಮುಖ ನೋಡುವಷ್ಟು.

ಆದರೆ ಆ ಹಾರ್ನು! ಹಾರ್ನು ಕೇಳಿದ ಕ್ಷಣ ಕಲಿತದ್ದೆಲ್ಲ ನೀರಿಗೆ ಹೋಗುತ್ತಿತ್ತು. ಭಟ್ಕಳದ ಅಂಗಡಿಯಿಂದ ಅಂಥದ್ದೇ ರಬ್ಬರ್ ಹಾರ್ನು ತಂದು, ಮನೆಯ ಹಿಂದೆ ದೂರದಲ್ಲಿ ಮೆಲ್ಲಗೆ ಒತ್ತಿ, "ನಿಲ್ಲು" ಅಂತ ಹೇಳಿಸಿ ನೋಡಿದೆ. ನನ್ನ ಹಾರ್ನಿಗೆ ನಿಂತಿತು. ಮಾರನೇ ಬೆಳಿಗ್ಗೆ ನಿಜವಾದ ಹಾರ್ನು ಕೇಳಿದ್ದೇ ಅಕ್ಕನ ಕೈಯಿಂದ ಹಗ್ಗ ಕಿತ್ತುಕೊಂಡು ಹಾರಿತು. ಅಕ್ಕನ ಅಂಗೈ ಚರ್ಮ ಸುಲಿದುಹೋಯಿತು. ಒಂದು ಟೆಂಪೊ ಟಯರು ಸುಟ್ಟ ವಾಸನೆ ಬರುವಂತೆ ಬ್ರೇಕ್ ಹಾಕಿ, ಡ್ರೈವರ್ ಅಕ್ಕನ ಏಳು ತಲೆಮಾರಿಗೆ ಬೈದು ಹೋದನಂತೆ.

ಎಂತ ನಡೆಯುತ್ತಿದೆ ಅಂತ ನೋಡಲೇಬೇಕು ಅಂತ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಮೋತಿಯನ್ನು ಒಳಗೆ ಹಾಕಿಸಿ, ಗೇಟಿನ ಹತ್ತಿರ ನಿಂತೆ. ಮೀನಿನವ ಬಂದ. ರಸ್ತೆಯ ಆಚೆ ಬದಿಗೆ, ಎದುರು ಮನೆಗಳ ಸಾಲಿಗೆ ಗಾಡಿ ನಿಲ್ಲಿಸಿದ. ತಾಂಡೇಲರ ಮನೆಯವರು ಅವನ ಹತ್ತಿರ ಮೀನು ತೆಗೆದುಕೊಳ್ಳುವವರೇ ಅಲ್ಲ, ಅವರಿಗೆ ಬೋಟಿನ ಮೀನೇ ತಿಂದು ಮುಗಿಯುವುದಿಲ್ಲ. ಎದುರು ಮನೆಯ ಹೆಂಗಸರು ಪಾತ್ರೆ ಹಿಡಿದು ಬಂದು ನಿಂತರೂ ಅವನು ಅವರಿಗೆ ಕೊಡಲಿಲ್ಲ. ಪೆಟ್ಟಿಗೆಯಿಂದ ಒಂದು ಬಂಗಡೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಈ ಗೇಟಿನ ಕಡೆ ನೋಡುತ್ತಾ, ಮತ್ತೆ ಮತ್ತೆ ಹಾರ್ನು ಒತ್ತಿದ.

"ಎಲ್ಲಿ ನನ್ನ ಧಣಿ? ಇವತ್ತು ಕಾಣೂದಿಲ್ಲಲ?" ಅಂತ ಕೂಗಿದ.

ನಾನು ರಸ್ತೆ ದಾಟಿ ಹೋದೆ. "ನೀನು ಅದನ್ನ ಕರೆದು ಮೀನು ಹಾಕ್ತೀಯಾ?"

"ಹೌದು ಅಕ್ಕಾ. ಬೋಣಿಗೆ ಮುಂಚೆ ಮೋತಿಗೆ ಒಂದು. ಹೋದ್ವರ್ಷ ಒಂದ್ಸಲ ಹಂಗೆ ಹಾಕಿ ಹೋದದ್ದು, ಮುಂದಿನ ಊರು ಮುಟ್ಟಳ್ಳಿ ಮುಟ್ಟೂದ್ರೊಳಗೆ ಪೆಟ್ಟಿಗೆ ಖಾಲಿ! ಅವತ್ತಿಂದ ಇವ ತಿನ್ನದೆ ನಾ ಬೋಣಿ ಮಾಡೂದಿಲ್ಲ."

ಅಂದರೆ ನೋಡಿ. ಒಂದು ಕಡೆ ನಾವು ಹೋಗಬೇಡ ಅಂತ ಬೆವರು ಸುರಿಸುವುದು, ಇನ್ನೊಂದು ಕಡೆ ಇವನು ದಿನಾ ಬೆಳಿಗ್ಗೆ ತಪ್ಪದೆ, ರಸ್ತೆ ದಾಟಿದರೆ ಬಂಗಡೆ ಅಂತ ಪಾಠ ಹೇಳುವುದು. ಅದೂ ವರ್ಷದಿಂದ! ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಬೋಣಿಗೆ ಬೆಂಕಿ ಬೀಳ್ಲಿ! ಟೀಚರ ಕೈ ಮುರಿದದ್ದು ನಿನ್ನ ಬಂಗಡೆಯಿಂದ. ಅವರು ಬಿದ್ದಾಗ ನಿಂತು ನೋಡಿದ್ಯಾ, ಇಲ್ಲಾ ಬೋಣಿ ಆತು ಅಂತ ಹೋದ್ಯಾ?" ಅಂತ ನಡುರಸ್ತೆಯಲ್ಲಿ ಕೂಗಾಡಿದೆ.

ಅವನ ಮುಖ ಕಪ್ಪಿಟ್ಟಿತು. "ಬಾಯಿಲ್ಲದ ಪ್ರಾಣಿಗೆ ತಿನ್ನೂಕೆ ಹಾಕೂದು ತಪ್ಪಾ? ಬೆಳಿಗ್ಗೆ ಬೆಳಿಗ್ಗೆ ನನ್ನ ಬೋಣಿಗೆ ಬೆಂಕಿ ಅಂತ್ರಿ ಅಲಾ, ನಿಮಗೆ ಒಳ್ಳೇದಾಗ್ತದಾ?" ಅಂದವನೇ ಯಾರಿಗೂ ಮೀನು ಕೊಡದೆ ಹೊರಟುಹೋದ. ಎದುರು ಮನೆಯವರು ಖಾಲಿ ಪಾತ್ರೆ ಹಿಡಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು.

ಮರುದಿನದಿಂದ ಅವನು ಹಟಕ್ಕೆ ಬಿದ್ದ. ಇನ್ನೂ ಜೋರಾಗಿ ಹಾರ್ನು. ಬಂಗಡೆಯನ್ನು ರಸ್ತೆಯ ಆ ಬದಿಯ ಕಲ್ಲಿನ ಮೇಲೆ ಇಟ್ಟು ಹೋಗುವುದು. ಮೋತಿ ಮನೆಯೊಳಗೆ ಬಾಗಿಲು ಕೆರೆಯುವುದು. ತಾಂಡೇಲರು ಬರುವ ದಿನ ಹತ್ತಿರ ಬರುತ್ತಿತ್ತು. ಅಕ್ಕ ರಾತ್ರಿ ನಿದ್ದೆ ಬರುವುದಿಲ್ಲ ಅಂದರು.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಹಾರ್ನನ್ನು ನಿಲ್ಲಿಸಲಾರೆ. ಬೋಣಿಯನ್ನೂ ನಿಲ್ಲಿಸಲಾರೆ. ಹಾರ್ನು ಅಂದರೆ ಮೀನು ಅಂತ ಮೋತಿಯ ತಲೆಯಲ್ಲಿ ಕೂತಿದೆ, ಅದು ಸುಳ್ಳೂ ಅಲ್ಲ. ಹಾಗಾದರೆ ಹಾರ್ನಿನ ವಿರುದ್ಧ "ನಿಲ್ಲು" ಅಂತ ಯಾಕೆ ಕುಸ್ತಿ ಮಾಡಬೇಕು? ಮೀನು ಸಿಗುವ ಜಾಗವನ್ನು ಬದಲಿಸಿದರೆ ಆಯಿತು. ಹಾರ್ನು ಕೇಳಿದರೆ ಮೀನು ರಸ್ತೆಯಲ್ಲಿಲ್ಲ, ಜಗಲಿಯಲ್ಲಿದೆ.

ಜಗಲಿಯ ಮೂಲೆಯಲ್ಲಿ ಒಂದು ಗೋಣಿಚೀಲ ಮಡಚಿ ಹಾಸಿದೆವು. ನನ್ನ ಹಾರ್ನನ್ನು ಮೆಲ್ಲಗೆ ಒತ್ತುವುದು, ಅದೇ ಉಸಿರಿನಲ್ಲಿ ಗೋಣಿಯ ಮೇಲೆ ಮುಳ್ಳು ತೆಗೆದ ಮೀನಿನ ಚೂರು ಇಡುವುದು. ಮೊದಲು ಗೋಣಿಯ ಪಕ್ಕದಲ್ಲಿ ನಿಂತು, ಆಮೇಲೆ ಅಂಗಳದಲ್ಲಿ, ಆಮೇಲೆ ಗೇಟಿನ ಹತ್ತಿರ. ಸ್ವಲ್ಪ ದಿನಕ್ಕೆ ಹಾರ್ನು ಕೇಳಿದ್ದೇ ಮೋತಿ ತಾನಾಗಿ ಓಡಿಹೋಗಿ ಗೋಣಿಯ ಮೇಲೆ ಕೂತು, ಎಲ್ಲಿ ನನ್ನ ಪಾಲು ಅಂತ ನೋಡತೊಡಗಿತು. ಆಮೇಲೆ ಗೇಟು ತೆಗೆದಿಟ್ಟು, ಹಗ್ಗ ಹಿಡಿದುಕೊಂಡು. ಆಮೇಲೆ ಹಗ್ಗ ಬಿಟ್ಟು. ನನ್ನ ಹಾರ್ನಿಗೆ ಎಲ್ಲ ಸರಿಯಾಯಿತು.

ಉಳಿದದ್ದು ಮೀನಿನವ. ನನ್ನ ಮುಖ ಕಂಡರೆ ಅವನಿಗೆ ಆಗುವುದಿಲ್ಲ. ಅವನನ್ನು ಗಾಡಿ ಇಳಿಸಿ, ರಸ್ತೆ ದಾಟಿಸಿ, ಜಗಲಿಗೆ ತರುವುದು ಹೇಗೆ?

"ಅದು ನಾ ನೋಡ್ಕಳ್ತೆ," ಅಂದರು ಅಕ್ಕ.

ಮರುದಿನ ಅವನು ಬಂದಾಗ ಅಕ್ಕ ಗೇಟಿನಲ್ಲಿ ಸ್ಟೀಲಿನ ಪಾತ್ರೆ ಹಿಡಿದು ನಿಂತಿದ್ದರು. "ಇವತ್ತು ಬೋಣಿ ನಮ್ಮನೇಲಿ ಆಗ್ಲಿ. ಬಂಗಡೆ ಹಾಕು. ಮೋತಿ ಪಾಲು ನೀನೇ ಒಳಗೆ ಬಂದು ಜಗಲಿ ಮೇಲೆ ಕೊಡು."

ಮೀನಿನವ ಹಾರ್ನಿನಿಂದ ಕೈ ತೆಗೆದ. "ತಾಂಡೇಲರ ಮನೇಲಿ... ನನ್ನ ಹತ್ರ ಮೀನು?"

ಆಚೆ ಬದಿಯಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನಗುವ ಮಾತೇ. ಬೋಟು ನಡೆಸುವವರ ಹೆಂಡತಿ ಸ್ಕೂಟರಿನ ಮೀನಿಗೆ ಪಾತ್ರೆ ಹಿಡಿಯುವುದು ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಗಂಡ ಮನೆಗೆ ಮೀನು ಕಳಿಸುವುದಿಲ್ಲವಾ, ಬೋಟಿಗೆ ಮೀನು ಬೀಳುತ್ತಿಲ್ಲವಾ, ಸಂಸಾರವೇ ಸರಿಯಿಲ್ಲವಾ ಅಂತ ಊರೆಲ್ಲ ಬಾಯಿಗೊಂದು ಮಾತು. ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಕಿವಿಯವರೆಗೆ ಕೆಂಪಾಗಿ, ಪಾತ್ರೆಯನ್ನು ಕೆಳಗೆ ಇಳಿಸದೆ ನಿಂತರು.

ತಾಂಡೇಲರ ಮನೆಯ ಬೋಣಿ! ಮೀನಿನವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಗಾಡಿಗೆ ಸ್ಟ್ಯಾಂಡ್ ಹಾಕಿ, ರಸ್ತೆ ದಾಟಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಮೋತಿ ಅಷ್ಟರಲ್ಲಿ ಗೋಣಿಯ ಮೇಲೆ ಕೂತಾಗಿತ್ತು. ಕೂತಿರುವ ನಾಯಿಗೆ ಬಂಗಡೆ ಇಡು, ಎದ್ದರೆ ಕೈ ಹಿಂದೆ ತಗೋ ಅಂತ ಅಕ್ಕ ಹೇಳಿಕೊಟ್ಟರು. ನಾನು ಬಾಯಿ ಮುಚ್ಚಿಕೊಂಡು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ, ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಮಾರನೇ ದಿನವೂ ಹಾಗೇ ಆಯಿತು, ಅದರ ಮಾರನೇ ದಿನವೂ. ಆಮೇಲೆ ರಸ್ತೆಯಲ್ಲಿ ಹಾರ್ನು ಕೇಳಿದರೆ, ಗೇಟು ತೆರೆದಿದ್ದರೂ, ಮೋತಿ ಹೋಗುತ್ತಿದ್ದದ್ದು ಜಗಲಿಗೆ. ಟೀಚರು ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ನೋಡಿ, "ಅಬ್ಬಾ, ನಮ್ಮ ಮಕ್ಕಳಿಗೂ ಒಂದು ಹಾರ್ನು ತರ್ಬೇಕು" ಅಂದರು. ಅಕ್ಕ ನನಗೆ ಅದೇ ಮೀನಿನ ಸಾರು ಮಾಡಿ ಬಡಿಸಿದರು, ಮೇಡಂ ಅನ್ನುವುದು ಬಿಟ್ಟು ತಂಗಿ ಅನ್ನತೊಡಗಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಕ್ಕೆ ಜನ ಬಿಟ್ಟರೆ ತಾನೆ.

ಒಂದು ಬೆಳಿಗ್ಗೆ ಅಕ್ಕನ ಫೋನು. ಅಳು ಬಿಟ್ಟರೆ ಬೇರೆ ಎಂತದೂ ಕೇಳಿಸುವುದಿಲ್ಲ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಬೆಳಕೆಯವನೇ ಒಬ್ಬ ಅದೇ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಅವನ ಮನೆಯಿಂದ ಫೋನಿನಲ್ಲಿ ಸುದ್ದಿ ಹೋಗಿದೆ, ತಾಂಡೇಲರ ಹೆಂಡತಿ ದಿನಾ ಸ್ಕೂಟರಿನವನ ಹತ್ತಿರ ಮೀನು ತೆಗೆದುಕೊಳ್ಳುತ್ತಾಳೆ ಅಂತ. ಬೋಟಿನವರು ಕಾಡಿಸಿದ್ದಾರೆ. ತಾಂಡೇಲರು ಹೇಳಿದ ದಿನಕ್ಕಿಂತ ಮುಂಚೆ ರೈಲಿಗೆ ಬಂದಿದ್ದಾರೆ. ಹಿಂದಿನ ಸಂಜೆ, ಅಕ್ಕ ಪೇಟೆಗೆ ಹೋಗಿದ್ದ ಹೊತ್ತು. ಈ ನಾಯಿಯಿಂದಲೇ ಮರ್ಯಾದೆ ಹೋಯಿತು ಅಂತ ಸಿಟ್ಟು, ಮೋತಿ ಕಲಿತಿದೆಯಾ ಇಲ್ಲವಾ ಅಂತ ಸಹ ನೋಡಲಿಲ್ಲ. ಪರಿಚಯದವರ ಟೆಂಪೊ ಕುಮಟೆಗೆ ಹೊರಟಿತ್ತು, ಅದಕ್ಕೆ ಹಾಕಿ ಕಳಿಸಿಬಿಟ್ಟರು.

"ಹಿಡಿಯೂಕೂ ಕಷ್ಟ ಆಗ್ಲಿಲ್ಲ ಅಂತ ಹೇಳ್ಕಂಡು ನಗಾಡ್ತ್ರು ತಂಗಿ," ಅಂದರು ಅಕ್ಕ. "ತುಂಬೂಕೆ ಅಂತ ಗೋಣಿಚೀಲ ತೆಗೆದ್ರಂತೆ. ಅದು ತಾನಾಗೇ ಬಂದು ಅದ್ರ ಮೇಲೆ ಕೂತ್ಕಂಡ್ತಂತೆ."

ಆಗ ನನ್ನ ಬಾಯಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ, ಡಾಕ್ಟರು ಒಳಗಿನಿಂದ ಓಡಿ ಬಂದರು. ನಾನು ಬ್ಯಾಗಿಗೆ ಬೆಲ್ಟು, ಹಗ್ಗ, ಗಾಯದ ಔಷಧಿ ತುರುಕಿಕೊಂಡು ಕುಮಟೆಯ ಬಸ್ಸು ಹಿಡಿದೆ. ಅಕ್ಕ ಭಟ್ಕಳದಿಂದ ಬಂದು ಸೇರಿಕೊಂಡರು. ಅವರು ಗಂಡನಿಗೆ ಹೇಳಿಯೂ ಬಂದಿರಲಿಲ್ಲ.

ಮಾರ್ಕೆಟ್ಟಿನಲ್ಲಿ ಎಷ್ಟು ನಾಯಿ ಅಂತೀರಿ! ಕಟ್ಟೆಯ ಕೆಳಗೆ, ಐಸಿನ ಪೆಟ್ಟಿಗೆಯ ಹಿಂದೆ, ಕೊಚ್ಚೆಯಲ್ಲಿ. ಕಂದು ಬಣ್ಣ ಕಂಡಲ್ಲೆಲ್ಲ ಅಕ್ಕ ಓಡುತ್ತಿದ್ದರು. "ಮೋತೀ, ಮೋತೀ" ಅಂತ ಕೂಗಿದರೆ ಯಾರ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಸುತ್ತಲೂ ಸ್ಕೂಟರಿನವರು ಪೆಟ್ಟಿಗೆ ತುಂಬಿಕೊಂಡು ಹಾರ್ನು ಹೊಡೆಯುತ್ತಾ ಊರೂರಿಗೆ ಹೊರಡುವ ಹೊತ್ತು. ಸುಸ್ತಾಗಿ ನಿಂತಾಗ ಮೀನು ಮಾರುವ ಮುದುಕಿಯೊಬ್ಬಳ ಬೈಗಳು ಕಿವಿಗೆ ಬಿತ್ತು.

"ಇದು ಯಾರ ಮನೆ ಹಾಳು ನಾಯಿ ಮಾರಾಯ್ತಿ! ಓಡಿಸಿ ಓಡಿಸಿ ಕೈ ಸೋತ್ಹೋಯ್ತು. ಆ ಹಾರ್ನು ಆಯ್ತು ಅಂದ್ರೆ ಬಂದು ನನ್ನ ಗೋಣಿ ಮೇಲೆ ಕೂತ್ಕಳ್ತದೆ. ಮೀನಿಗೆ ಬಾಯಿ ಹಾಕೂದಿಲ್ಲ, ಎಂತದೂ ಇಲ್ಲ. ಸುಮ್ನೆ ಕೂತ್ಕಂಡು ನನ್ನ ಮುಖ ನೋಡ್ತದೆ!"

ಮೋತಿಯ ಒಂದು ಕಿವಿ ತುದಿಯಿಂದ ಬುಡದವರೆಗೆ ಹರಿದಿತ್ತು. ಹಿಂಗಾಲು ಎತ್ತಿಕೊಂಡಿತ್ತು. ಹಾರ್ನು ಆಯಿತು, ಮುದುಕಿ ನೀರು ಎರಚಿದಳು, ಅದು ಎದ್ದು ಆಚೆ ಹೋಗಿ, ಇನ್ನೊಂದು ಹಾರ್ನಿಗೆ ಮತ್ತೆ ಕುಂಟುತ್ತಾ ಬಂದು ಕೂತಿತು. ನಾವು ಹೇಳಿಕೊಟ್ಟದ್ದನ್ನು ಒಂದಕ್ಷರ ಮರೆಯದೆ ಮಾಡುತ್ತಿತ್ತು. ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ.

ಓಡಬೇಡಿ ಅಂತ ಅಕ್ಕನ ಕೈ ಹಿಡಿದೆ. ಅವರು ಆ ಕೊಚ್ಚೆಯಲ್ಲೇ, ಸೀರೆ ಒದ್ದೆಯಾಗುವುದನ್ನು ನೋಡದೆ, ಪಕ್ಕಕ್ಕೆ ತಿರುಗಿ ಕುಕ್ಕರುಗಾಲಿನಲ್ಲಿ ಕೂತರು. "ಮೋತಿ, ಬಾ." ಒಂದೇ ಸಲ. ಮೋತಿ ಅವರ ಕೈ ನೋಡಲಿಲ್ಲ. ನೇರ ಬಂದು ತಲೆಯನ್ನು ಅವರ ಮಡಿಲಿಗೆ ತುರುಕಿತು. ಬೈಯುತ್ತಿದ್ದ ಮುದುಕಿ ನೀರಿನ ತಂಬಿಗೆ ಕೆಳಗಿಟ್ಟಳು.

ಹೊನ್ನಾವರದಲ್ಲಿ ಇಳಿದು ಕಿವಿಗೆ ಹೊಲಿಗೆ ಹಾಕಿಸಿ, ಕಾಲು ನೋಡಿಸಿ, ಒಂದು ರಿಕ್ಷಾ ಮಾಡಿಕೊಂಡು ಬೆಳಕೆಗೆ ಹೋದೆವು. ದಾರಿಯುದ್ದಕ್ಕೂ ತಾಂಡೇಲರಿಗೆ ಹೇಳಬೇಕಾದ ಮಾತುಗಳನ್ನು ಹಲ್ಲುಕಚ್ಚಿ ಜೋಡಿಸಿಕೊಳ್ಳುತ್ತಿದ್ದೆ. ಅಕ್ಕ ಒಂದೇ ಮಾತು ಹೇಳಿದರು. "ಇದನ್ನ ಒಳಗೆ ಸೇರಿಸದಿದ್ರೆ ನಾನೂ ಒಳಗೆ ಹೋಗೂದಿಲ್ಲ."

ತಾಂಡೇಲರು ಜಗಲಿಯಲ್ಲಿ ನಿಂತಿದ್ದರು. ಊರಿನವರಿಂದ ಅಷ್ಟೊತ್ತಿಗೆ ಎಲ್ಲ ಕೇಳಿದ್ದರು ಅಂತ ಕಾಣುತ್ತದೆ, ಟೀಚರೇ ಬಂದು ಹೇಳಿ ಹೋಗಿದ್ದರಂತೆ. ಮುಖ ಸಣ್ಣದಾಗಿತ್ತು. ಕಿವಿಯ ಪಟ್ಟಿ ನೋಡಿ, "ಮೋತೀ, ಬಾರಾ" ಅಂತ ಎರಡು ಹೆಜ್ಜೆ ಮುಂದೆ ಬಂದರು. ದನಿ ಮೆತ್ತಗೇ ಇತ್ತು.

ಮೋತಿ ನಿಂತಲ್ಲೇ ಕುಸಿಯಿತು. ಹೊಟ್ಟೆ ನೆಲಕ್ಕೆ ಹತ್ತಿತು. ಗೇಟಿನ ಹೊಸ್ತಿಲಲ್ಲೇ ಉಚ್ಚೆ ಹೊಯ್ದುಕೊಂಡಿತು. ಕುಮಟೆಯ ಅಷ್ಟು ನಾಯಿಗಳ ನಡುವೆ ಕಾಣದ ನಡುಕ, ಸ್ವಂತ ಮನೆಯ ಗೇಟಿನಲ್ಲಿ.

"ಎಂತಕ್ಕೆ ಹಿಂಗೆ ಮಾಡ್ತದೆ?" ಅಂದರು ತಾಂಡೇಲರು. ನಿಜವಾಗಿ ಅರ್ಥವಾಗದೆ ಕೇಳಿದರು. "ಸಣ್ಣದಿರುವಾಗ ಅನ್ನ ಹಾಕಿ ಸಾಕಿದವ ನಾನು."

"ಹಾರ್ನಿಗೆ ಎಲ್ಲಿ ಹೋಗ್ಬೇಕು ಅಂತ ನಾವು ಕಲಿಸಿದ್ದು. ಕರೆದ್ರೆ ಬರ್ಬೇಕು ಅಂತ ಅಕ್ಕ ಕಲಿಸಿದ್ದು," ಅಂದೆ. "ಇದು ನೀವು ಕಲಿಸಿದ್ದು. ನೋಡಿ, ಎಷ್ಟು ಚೆನ್ನಾಗಿ ಕಲ್ತಿದೆ."

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಇದು ಇರಲಿಲ್ಲ. ಅಕ್ಕ ಮೋತಿಯ ಪಕ್ಕದಲ್ಲಿ ನಿಂತಿದ್ದರು. ತಾಂಡೇಲರು "ಈಗ ನಾ ಎಂತ ಮಾಡ್ಬೇಕು?" ಅಂತ ಕೇಳಿದರು, ಹೆಂಡತಿಯನ್ನು.

"ಕೂತ್ಕಳಿ," ಅಂದರು ಅಕ್ಕ. "ಅಲ್ಲೇ, ನೆಲದ ಮೇಲೆ. ಅದ್ರ ಕಡೆ ನೋಡ್ಬೇಡಿ. ಕರೀಬೇಡಿ."

ಬೋಟಿನಲ್ಲಿ ನಲವತ್ತು ಜನರ ಎದುರು ದನಿ ಎತ್ತಿ ಮಾತಾಡುವ ಮನುಷ್ಯ ಪಕ್ಕಕ್ಕೆ ತಿರುಗಿ ಅಂಗಳದ ಮಣ್ಣಿನಲ್ಲಿ ಕೂತರು. ಎದುರು ಮನೆಯವರು ಎಲ್ಲ ನೋಡುತ್ತಿದ್ದರು. ಮೋತಿ ಏಳಲಿಲ್ಲ.

"ಎಷ್ಟು ಹೊತ್ತು ಹಿಂಗೆ?" ಅಂದರು ತಾಂಡೇಲರು.

"ಅದು ಎದ್ದು ಬರೂವರೆಗೆ," ಅಂತ ಹೇಳಿ ನಾನು ಬಸ್ಸಿಗೆ ಹೊರಟೆ.